ಮನೆಯಿಂದ ಆಫೀಸ್ ಸಿಸ್ಟಮ್ ತೆರೆಯುವ ಮುನ್ನ ಆ ಪೋರ್ಟ್ ಮುಚ್ಚಿ

ಕೆಲವು ವರ್ಷಗಳ ಹಿಂದಿನ ಮಾತು. ಆಫೀಸಿನಲ್ಲಿದ್ದ ನನ್ನ ಕಂಪ್ಯೂಟರ್ ಮನೆಯಿಂದಲೇ ಬೇಕಿತ್ತು, ಅದೂ ಅರ್ಜೆಂಟಾಗಿ. ಅಲ್ಲಿನ ರೌಟರ್‌ನಲ್ಲಿ 3389ನೇ ಪೋರ್ಟನ್ನು ನೇರ ನನ್ನ ಮಷೀನಿಗೆ ತಿರುಗಿಸಿಬಿಟ್ಟೆ. ಪೋರ್ಟ್ ಅಂದರೆ ಹೊರಗಿನಿಂದ ಕಂಪ್ಯೂಟರಿಗೆ ಬರಲು ಇರುವ, ನಂಬರ್ ಹಾಕಿದ ಬಾಗಿಲು. ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ ಈ 3389. ಕೆಲಸ ಮುಗಿಸಿ ಮಲಗಿದೆ. ಬೆಳಿಗ್ಗೆ ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ನೋಡಿದರೆ ಪುಟದ ಮೇಲೆ ಪುಟ 4625 ಎಂಬ ಕೋಡ್, ಅಂದರೆ ಲಾಗಿನ್ ವಿಫಲ. ರಾತ್ರಿಯಿಡೀ ಯಾರೋ 'ಅಡ್ಮಿನ್', 'ಟೆಸ್ಟ್' ಅಂತ ಹೆಸರು ಕೊಟ್ಟು ಪಾಸ್‌ವರ್ಡ್ ಊಹಿಸುತ್ತಲೇ ಇದ್ದರು. ಪೋರ್ಟ್ ನಂಬರ್ ಬದಲಿಸಿದೆ. ಎರಡು ದಿನ ಶಾಂತ, ಆಮೇಲೆ ಮತ್ತೆ ಶುರು.

ಆ ಬೆಳಿಗ್ಗೆ ನಾನು ನಿಜವಾಗಿಯೂ ಹೆದರಿದ್ದೆ. ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಕು ಅಂತಲೂ ಅಲ್ಲ. 2019ರಲ್ಲಿ ಹೊರಬಿದ್ದ ಬ್ಲೂಕೀಪ್ ಎಂಬ ದೋಷದಲ್ಲಿ, ಹಳೆಯ ವಿಂಡೋಸ್‌ಗಳ ಒಳಗೆ ನುಗ್ಗಲು ಪಾಸ್‌ವರ್ಡೇ ಬೇಕಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ತೆರೆದಿಟ್ಟ ಪೋರ್ಟ್ ಮುಚ್ಚುವುದು. ಒಳಗೆ ಹೋಗಲು ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸಿನವರೆಗೆ ಹೋಗುವ, ಬೇರೆಯವರು ಇಣುಕಲಾಗದ ಸುರಂಗ) ಒಂದೇ ದಾರಿ ಇರಲಿ. ಆಫೀಸಿನ ಐಟಿ ವಿಭಾಗ ಒಂದನ್ನು ಕೊಟ್ಟಿದ್ದರೆ ಅದನ್ನೇ ಬಳಸಿ. ಅವರನ್ನು ಕೇಳದೆ ನಿಮ್ಮದೇ ಬೇರೆ ದಾರಿ ಕೊರೆಯಬೇಡಿ. ಸಣ್ಣ ಆಫೀಸು, ನೋಡಿಕೊಳ್ಳುವವರು ನೀವೇ ಅಂದರೆ ನಾನು ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ ಅಂತೀನಿ. 2020ರಿಂದ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಸರಿಯಾದ ಕೀ, ಅಂದರೆ ಬೀಗದ ಕೈಯಂಥ ಗುಟ್ಟಿನ ಕೋಡ್, ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಅಲ್ಲೊಂದು ಬಾಗಿಲಿದೆ ಅಂತಲೇ ಅವರಿಗೆ ಗೊತ್ತಾಗುವುದಿಲ್ಲ, ನನಗೆ ತುಂಬಾ ಇಷ್ಟವಾದ ಗುಣ ಇದು. ಒಂದೊಂದು ಸಾಧನಕ್ಕೂ ಬೇರೆ ಬೇರೆ ಕೀ ಮಾಡಿ. ಫೋನ್ ಕಳೆದುಹೋದರೆ ಅದರ ಕೀ ಒಂದನ್ನೇ ತೆಗೆದುಹಾಕಿದರಾಯಿತು.

ಲಾಗಿನ್‌ಗೆ ಎರಡನೇ ಹಂತ ಇರಲೇಬೇಕು. ಎಸ್ಸೆಮ್ಮೆಸ್ ಓಟಿಪಿಗಿಂತ, ಫೋನಿನಲ್ಲೇ ಕೋಡ್ ತೋರಿಸುವ ಆತೆಂಟಿಕೇಟರ್ ಆ್ಯಪ್ ಮೇಲು, ಅದಕ್ಕಿಂತ ಯುಎಸ್‌ಬಿ ಕಡ್ಡಿಯಂಥ ಸೆಕ್ಯುರಿಟಿ ಕೀ ಮೇಲು.

ಇನ್ನು ಮನೆಯ ರೌಟರ್. ತಂದು ಇಟ್ಟ ದಿನದಿಂದ ಅದರ ಅಡ್ಮಿನ್ ಪಾಸ್‌ವರ್ಡ್ ಹಾಗೇ ಇದೆ, ಅಲ್ವಾ? ಇವತ್ತೇ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ವೈಫೈ ಭದ್ರತೆಯ ಆಯ್ಕೆಗಳಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಡಬ್ಲ್ಯುಪಿಎ2. ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಇಲ್ಲವೇ ಪಿನ್ ಕೊಟ್ಟು ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ. ಅದರ ಪಿನ್ ಎಂಟು ಅಂಕಿಯದು, ಹತ್ತು ಕೋಟಿ ಸಾಧ್ಯತೆ ಇದ್ದಂತೆ ಕಾಣುತ್ತದೆ. ಆದರೆ ರೌಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ಲೆಕ್ಕ ತಾಳೆ ನೋಡಲು. ಮೊದಲ ತುಂಡಿಗೆ 10,000, ಎರಡನೆಯದಕ್ಕೆ 1,000, ಹಾಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ. ಇದು 2011ರಲ್ಲೇ ಬಯಲಾಗಿದೆ. ರೌಟರ್‌ನ ಯುಪಿಎನ್‌ಪಿ ಎಂಬ ಸೌಲಭ್ಯ ಕೂಡ ಆಫ್ ಇರಲಿ, ಅದು ನಿಮ್ಮನ್ನು ಕೇಳದೆ ಪೋರ್ಟ್ ತೆರೆಯುತ್ತದೆ. ಟಿವಿ, ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳನ್ನು ಗೆಸ್ಟ್ ನೆಟ್‌ವರ್ಕಿಗೆ ಹಾಕಿ. ಕೆಲಸದ ಲ್ಯಾಪ್‌ಟಾಪಿನ ಪಕ್ಕ ಅವುಗಳಿಗೇನು ಕೆಲಸ?

ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವ ಒಂದು ತೊಂದರೆ ಹೇಳಲೇಬೇಕು. ವಿಪಿಎನ್ ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ, ಆದರೆ ಫೈಲ್ ಸರ್ವರ್ ತೆರೆಯುವುದಿಲ್ಲ. ಒಳಗಿನ ಸಾಧನಗಳ ವಿಳಾಸ ಮನೆಯಲ್ಲೂ 192.168.1, ಆಫೀಸಿನಲ್ಲೂ 192.168.1 ಅಂತಲೇ ಶುರುವಾಗುತ್ತಿದ್ದರೆ ಹೀಗಾಗುತ್ತದೆ. ಲ್ಯಾಪ್‌ಟಾಪ್ ಸರ್ವರನ್ನು ಮನೆಯೊಳಗೇ ಹುಡುಕುತ್ತಿರುತ್ತದೆ. ಇದರ ಸಿಟ್ಟಿಗೆ ವಿಪಿಎನ್ ಬಿಟ್ಟು ಮತ್ತೆ ಪೋರ್ಟ್ ತೆರೆದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಮನೆಯ ರೌಟರ್‌ನಲ್ಲಿ ವಿಳಾಸವನ್ನು 192.168.73 ಥರದ ಯಾವುದಾದರೂ ಅಪರೂಪದ ಸಾಲಿಗೆ ಬದಲಿಸಿ, ಎಲ್ಲವನ್ನೂ ಮತ್ತೆ ಕನೆಕ್ಟ್ ಮಾಡಿ. ಸರಿಹೋಗುತ್ತದೆ.

ಎಲ್ಲ ಮುಗಿದ ಮೇಲೆ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಬನ್ನಿ. ವಿಪಿಎನ್ ಆಫ್ ಮಾಡಿ, ಆಫೀಸಿನ ಪಬ್ಲಿಕ್ ಐಪಿ (ಹೊರಗಿನ ಇಂಟರ್ನೆಟ್‌ಗೆ ಕಾಣುವ ವಿಳಾಸ) ಕೊಟ್ಟು ರಿಮೋಟ್ ಡೆಸ್ಕ್‌ಟಾಪ್ ತೆರೆಯಲು ನೋಡಿ. ತೆರೆಯಬಾರದು. ವಿಪಿಎನ್ ಆನ್ ಮಾಡಿ ಆಫೀಸ್ ಕಂಪ್ಯೂಟರಿನ ಒಳಗಿನ ವಿಳಾಸ ಕೊಡಿ. ಈಗ ತೆರೆಯಬೇಕು.