ಹಾಸ್ಟೆಲ್ ಹುಡುಗರಿಗೆ ‘ದಾಸ್ ಎಕ್ಸ್‌ಪೆರಿಮೆಂಟ್’ ತೋರಿಸುವುದು ಹೇಗೆ

ಮೊದಲು ಬಾಗಿಲ ವಿಷಯ. ಈ ಸಿನಿಮಾ ತೋರಿಸುವಾಗ ಹಾಲ್‌ನ ಬಾಗಿಲು ತೆರೆದೇ ಇರಬೇಕು. ಎರಚಲು ಒಳಗೆ ಬಂದರೆ ಒಂದು ಗೋಣಿಚೀಲ ಹಾಸಿ, ಸಾಕು. ಶುರು ಮಾಡುವ ಮೊದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿ: “ಯಾರಿಗೆ ಯಾವಾಗ ಬೇಡ ಅನಿಸಿದರೂ ಎದ್ದು ಹೋಗಬಹುದು. ಯಾಕೆ ಅಂತ ಕೇಳಲ್ಲ.” ಆಮೇಲೆ ಮಧ್ಯದಲ್ಲಿ ನೀವೇ ಒಂದು ಸಲ ಎದ್ದು ಹೊರಗೆ ಹೋಗಿ ಬನ್ನಿ. ನೀವು ಎದ್ದರೆ ಮಾತ್ರ ಹುಡುಗರೂ ಏಳುತ್ತಾರೆ.

ನಾನು ಸೇನೆಯಲ್ಲಿ 17 ವರ್ಷ ಇದ್ದು ಊರಿಗೆ ಬಂದವನು. ಈಗ ಗೋಣಿಕೊಪ್ಪದ ಹತ್ತಿರ ಡಿಗ್ರಿ ಹುಡುಗರ ಹಾಸ್ಟೆಲೊಂದರಲ್ಲಿ ವಾರ್ಡನ್. ಪ್ರತಿ ವರ್ಷ ಹೊಸ ಹುಡುಗರು ಬರುವ ಮೊದಲು ಸೀನಿಯರ್‌ಗಳನ್ನು ಕೂರಿಸಿ ಈ ಸಿನಿಮಾ ತೋರಿಸುತ್ತೇನೆ. ಹಾಸ್ಟೆಲ್ ನೋಡಿಕೊಳ್ಳುವವರು, ಮೇಷ್ಟ್ರುಗಳು ಯಾರಾದರೂ ಹೀಗೆ ಮಾಡುವುದಾದರೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಇದು 2001ರ ಜರ್ಮನ್ ಸಿನಿಮಾ, ನಿರ್ದೇಶಕ ಆಲಿವರ್ ಹಿರ್ಶ್‌ಬೀಗಲ್. ಪೇಪರ್ ಜಾಹೀರಾತು ನೋಡಿ 20 ಗಂಡಸರು ಒಂದು ಪ್ರಯೋಗಕ್ಕೆ ಸೇರುತ್ತಾರೆ. 14 ದಿನ ನಕಲಿ ಜೈಲಿನಲ್ಲಿ ಇರಬೇಕು, ತಲೆಗೆ 4000 ಮಾರ್ಕ್ (ಆಗಿನ ಜರ್ಮನ್ ಹಣ). ಕೆಲವರು ಕಾವಲುಗಾರರು, ಉಳಿದವರು ಕೈದಿಗಳು. ಟ್ಯಾಕ್ಸಿ ಓಡಿಸುವ ತಾರೆಕ್ ಕೈದಿ ನಂಬರ್ 77 ಆಗುತ್ತಾನೆ. ಇಂಥ ಪ್ರಯೋಗ 1971ರಲ್ಲಿ ಅಮೆರಿಕದಲ್ಲಿ ನಿಜವಾಗಿಯೂ ನಡೆದಿತ್ತು. ಇದೇ ವಿಷಯದ ಮೇಲೆ 2015ರಲ್ಲಿ ಬಂದ ಅಮೆರಿಕದ ಸಿನಿಮಾ ನಿಜವಾಗಿ ನಡೆದದ್ದಕ್ಕೆ ಜಾಸ್ತಿ ಹತ್ತಿರ ಇದೆ. ಆದರೆ ಹುಡುಗರು ಕಣ್ಣು ಮಿಟುಕಿಸದೆ ನೋಡುವುದು ಜರ್ಮನ್ ಸಿನಿಮಾವನ್ನೇ. 18 ದಾಟಿದವರಿಗೆ ಮಾತ್ರ ತೋರಿಸಿ. ಪಿಯುಸಿ ಮಕ್ಕಳಿಗೆ ಬೇಡ.

ಮೊದಲ ವರ್ಷ ನಾನು ಮಾಡಿದ್ದು ಪೂರ್ತಿ ತಪ್ಪು. ರಾತ್ರಿ ಊಟ ಆದ ಮೇಲೆ ಹಾಕಿದೆ. ಎಲ್ಲೂ ನಿಲ್ಲಿಸದೆ ಕೊನೆತನಕ ಓಡಿಸಿ, ಲೈಟ್ ಆರಿಸಿ, ಮಲಗಿ ಅಂದೆ. ಮಾರನೇ ವಾರ ಹೊಸಬರು ಬಂದರು. ಮೂರನೇ ವರ್ಷದ ಇಬ್ಬರನ್ನು ಕರೆದು “ಶಿಸ್ತು ನೋಡ್ಕೊಳ್ಳಿ” ಅಂತ ಒಬ್ಬನಿಗೆ ಸೀಟಿ, ಇನ್ನೊಬ್ಬನಿಗೆ ಬ್ಲಾಕಿನ ಕೀ ಕೊಟ್ಟಿದ್ದೆ. ಮೂರನೇ ರಾತ್ರಿ ಎಚ್ಚರವಾಗಿ ಟಾರ್ಚ್ ಹಿಡಿದು ಹೋದರೆ, ಜಗಲಿಯಲ್ಲಿ ಹನ್ನೊಂದು ಹುಡುಗರು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಮಳೆನೀರು ಕಾಲಿಗೆ ಎರಚುತ್ತಿದೆ. ಒಬ್ಬೊಬ್ಬನೂ ತನ್ನ ರೂಮಿನ ನಂಬರ್ ಕೂಗಬೇಕು, ಹೆಸರು ಹೇಳುವ ಹಾಗಿಲ್ಲ. ಶನಿವಾರಸಂತೆ ಕಡೆಯ ಒಬ್ಬ ಹುಡುಗ ಬಾಯಿ ತಪ್ಪಿ “ಅಣ್ಣಾ” ಅಂದದ್ದಕ್ಕೆ ಅವನಿಗೆ ಇಪ್ಪತ್ತು ಬಸ್ಕಿ. ಅಣ್ಣ ಅನ್ನಬಾರದಂತೆ, ಸರ್ ಅನ್ನಬೇಕಂತೆ. ನನ್ನನ್ನು ಕಂಡ ಸೀನಿಯರ್ ಹೆದರಲೂ ಇಲ್ಲ. “ಶಿಸ್ತು ಕಲಿಸ್ತಾ ಇದ್ವಿ ಸರ್” ಅಂದ. ಅದು ನಾನೇ ಹೇಳಿಕೊಟ್ಟ ಮಾತು. ಅವನ ಕೊರಳಲ್ಲಿದ್ದ ಸೀಟಿಯೂ ನಾನೇ ಕೊಟ್ಟದ್ದು.

ಅಂದಿನಿಂದ ಕ್ರಮ ಬದಲಾಯಿಸಿದೆ. ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಶುರು ಮಾಡಿ. ಸಿನಿಮಾ ಸುಮಾರು ಎರಡು ಗಂಟೆಯದು, ಆದರೆ ಮಾತು ಸೇರಿ ಮಧ್ಯಾಹ್ನದ ಊಟದ ಹೊತ್ತಾಗುತ್ತದೆ. ಮುಗಿದ ಮೇಲೂ ಇಡೀ ಹಗಲು ಕೈಯಲ್ಲಿರಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ನೆಚ್ಚಿಕೊಳ್ಳುವ ಹಾಗಿಲ್ಲ, ಪ್ರೊಜೆಕ್ಟರನ್ನು ಯುಪಿಎಸ್‌ಗೆ ಹಾಕಿ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಒಂದು ಮಾತೂ ಕೇಳಲ್ಲ, ಹಾಗಾಗಿ ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಿ. ಇಂಗ್ಲಿಷ್ ಓದಲು ಕಷ್ಟಪಡುವವರು ಇದ್ದೇ ಇರುತ್ತಾರೆ. ನಿಲ್ಲಿಸಿದಾಗಲೆಲ್ಲ ಅಲ್ಲಿತನಕದ ಕಥೆಯನ್ನು ಕನ್ನಡದಲ್ಲಿ ಹೇಳಿಬಿಡಿ.

ಮೊದಲ ಸಲ ನಿಲ್ಲಿಸಬೇಕಾದದ್ದು ಹಾಲಿನ ದೃಶ್ಯದಲ್ಲಿ. ಒಬ್ಬ ಕೈದಿಗೆ ಹಾಲು ಆಗುವುದಿಲ್ಲ. ಕೊಟ್ಟದ್ದನ್ನು ಪೂರ್ತಿ ಮುಗಿಸಬೇಕು ಅನ್ನುವುದು ನಿಯಮ. ಕಾವಲುಗಾರ ಪಟ್ಟು ಹಿಡಿಯುತ್ತಾನೆ, ತಾರೆಕ್ ಆ ಹಾಲನ್ನು ಎತ್ತಿ ತಾನೇ ಕುಡಿಯುತ್ತಾನೆ. ಅಷ್ಟೇ. ಹೊಡೆತ ಇಲ್ಲ, ರಕ್ತ ಇಲ್ಲ. ಇಡೀ ಸಿನಿಮಾದಲ್ಲಿ ನನಗೆ ಮುಖ್ಯ ಅನಿಸುವುದು ಇದೇ ಜಾಗ. ನಾನು ಬೆಳಗ್ಗೆಯೇ ಒಂದು ಸ್ಟೀಲ್ ಲೋಟದಲ್ಲಿ ಬಿಸಿ ಹಾಲು ತಂದು ಮೇಜಿನ ಮೇಲೆ ಇಟ್ಟಿರುತ್ತೇನೆ. ಇಲ್ಲಿಗೆ ಬರುವ ಹೊತ್ತಿಗೆ ಅದು ಆರಿ, ಮೇಲೆ ಕೆನೆ ಕಟ್ಟಿರುತ್ತದೆ. ಲೋಟವನ್ನು ಮುಂದೆ ತಳ್ಳಿ ಕೇಳುತ್ತೇನೆ: “ಇಲ್ಲಿ ತಪ್ಪು ಯಾರದ್ದು?” ಸಾಮಾನ್ಯವಾಗಿ ಬರುವ ಮೊದಲ ಉತ್ತರ, “ನಿಯಮ ಅಂದ್ರೆ ನಿಯಮ ಅಲ್ವಾ ಸರ್”. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಅವನು ಹಾಲು ಕುಡೀದಿದ್ರೆ ಯಾರಿಗೆ ನಷ್ಟ ಸರ್?” ಆ ಮಾತಿಗೆ ಹಾಲ್ ಸುಮ್ಮನಾಯಿತು. ಅಂಥ ಹೊತ್ತಲ್ಲಿ ನೀವು ಮಾತಾಡಬೇಡಿ. ಒಂದು ನಿಮಿಷ ಮಳೆ ಕೇಳಲಿ.

ಎರಡನೇ ನಿಲುಗಡೆ, ಕಾವಲುಗಾರರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕೈದಿಗಳ ಮೇಲೆ ನುಗ್ಗಿದ ಮೇಲೆ. ನಿಜವಾಗಿ ನಡೆದದ್ದನ್ನು ಹೇಳಲು ಇದು ಸರಿಯಾದ ಹೊತ್ತು. ಯಾಕೆಂದರೆ ಈ ಸಿಲಿಂಡರ್ ಪ್ರಸಂಗ ನಿಜದಲ್ಲೂ ಇತ್ತು. 1971ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಅಲ್ಲಿನ ಪ್ರೊಫೆಸರ್ ಫಿಲಿಪ್ ಜಿಂಬಾರ್ಡೊ ಇಂಥ ಜೈಲು ಕಟ್ಟಿಸಿದರು. 24 ಕಾಲೇಜು ಹುಡುಗರನ್ನು ಆರಿಸಿದರು, ದಿನಕ್ಕೆ 15 ಡಾಲರ್. ಕೈದಿಗಳಿಗೆ ನಂಬರ್, ಕಾಲಿಗೆ ಸರಪಳಿ. ಕಾವಲುಗಾರರಿಗೆ ಖಾಕಿ, ದೊಣ್ಣೆ, ಕನ್ನಡಿ ಹೊಳಪಿನ ಕೂಲಿಂಗ್ ಗ್ಲಾಸ್. ಮಧ್ಯರಾತ್ರಿ ಎಬ್ಬಿಸಿ ಸಾಲಾಗಿ ನಿಲ್ಲಿಸಿ ನಂಬರ್ ಹೇಳಿಸುತ್ತಿದ್ದರು. ಅದನ್ನು ಓದಿದಾಗ ನಮ್ಮ ಜಗಲಿ ನೆನಪಾಗಿ ಪುಸ್ತಕ ಮುಚ್ಚಿಟ್ಟೆ. ಎರಡು ವಾರಕ್ಕೆ ಅಂದುಕೊಂಡದ್ದು ಆರನೇ ದಿನಕ್ಕೆ ನಿಂತಿತು. ಸಿನಿಮಾದಲ್ಲಿ ಜನ ಸಾಯುತ್ತಾರೆ, ಅಲ್ಲಿ ಯಾರೂ ಸಾಯಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿ.

ಇಲ್ಲಿ ಒಂದು ಎಚ್ಚರ. “ಯೂನಿಫಾರ್ಮ್ ಹಾಕಿದರೆ ಯಾರಾದರೂ ರಾಕ್ಷಸ ಆಗ್ತಾರೆ” ಅಂತ ಹುಡುಗರು ತೀರ್ಮಾನ ಮಾಡಿಬಿಡುತ್ತಾರೆ. ಆಗ ಯಾರದ್ದೂ ತಪ್ಪಿಲ್ಲ ಅಂತಾಯಿತಲ್ಲ! ಸ್ಟ್ಯಾನ್‌ಫರ್ಡ್‌ನಲ್ಲಿ ಕಾವಲುಗಾರರು ತಾವಾಗಿಯೇ ಹಾಗಾಗಲಿಲ್ಲ. ಹೇಗೆ ನಡೆದುಕೊಳ್ಳಬೇಕು ಅಂತ ಮೊದಲೇ ಸೂಚನೆ ಸಿಕ್ಕಿತ್ತು. ಮೆತ್ತಗಿದ್ದ ಒಬ್ಬನಿಗೆ ಇನ್ನೂ ಗಟ್ಟಿಯಾಗು ಅಂತ ಒತ್ತಾಯ ಮಾಡಿದ ಧ್ವನಿಮುದ್ರಣ ಇದೆ. ಫ್ರೆಂಚ್ ಸಂಶೋಧಕ ತಿಬೊ ಲೆ ತೆಕ್ಸಿಯೆ ಇಂಥವನ್ನೆಲ್ಲ ಹುಡುಕಿ 2018ರಲ್ಲಿ ಪುಸ್ತಕ ಬರೆದರು. ಬಿಬಿಸಿಗಾಗಿ ಹ್ಯಾಸ್ಲಮ್, ರೈಕರ್ ಎಂಬಿಬ್ಬರು ಇಂಥದ್ದೇ ಪ್ರಯೋಗ ಮಾಡಿದಾಗ ಕಾವಲುಗಾರರು ಅಧಿಕಾರ ನಡೆಸಲು ಹಿಂಜರಿದರು, ಕೈದಿಗಳೇ ಅವರ ಆಳ್ವಿಕೆ ಮುರಿದರು. ನಾನು 17 ವರ್ಷ ಯೂನಿಫಾರ್ಮ್ ಹಾಕಿದವನು. ಬಟ್ಟೆ ಯಾರನ್ನೂ ಕೆಡಿಸಲ್ಲ. ಮೇಲಿನವನು ಏನು ಹೇಳುತ್ತಾನೆ, ಏನು ಕಂಡೂ ಸುಮ್ನೆ ಇರುತ್ತಾನೆ ಅನ್ನುವುದನ್ನು ಕೆಳಗಿನವನು ದಿನಾ ನೋಡುತ್ತಿರುತ್ತಾನೆ.

ಸಿನಿಮಾದಲ್ಲಿ ಪ್ರಯೋಗ ನಡೆಸುವ ಪ್ರೊಫೆಸರ್ ಹೊರಗೆ ಹೋಗಿ ಜೈಲು ಪೂರ್ತಿ ಕಾವಲುಗಾರರ ಕೈಗೆ ಸಿಗುವಲ್ಲಿ ನಾನು ಪ್ರೊಜೆಕ್ಟರ್ ಆರಿಸಿಬಿಡುತ್ತೇನೆ. ಅಲ್ಲಿಂದ ಮುಂದೆ ಹೊಡೆದಾಟ, ಕೊಲೆ, ಒಬ್ಬ ಹೆಂಗಸಿನ ಮೇಲೆ ಅತ್ಯಾಚಾರಕ್ಕೆ ನುಗ್ಗುವ ದೃಶ್ಯ. ಹುಡುಗರ ಗುಂಪಿನಲ್ಲಿ ಅದನ್ನು ತೋರಿಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಉಳಿದ ಕಥೆಯನ್ನು ಬಾಯಲ್ಲೇ ಹೇಳಿ ಮುಗಿಸಿ.

ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಬಗ್ಗೆ ಹೇಳಿ. ಆಗಷ್ಟೇ ಪಿಎಚ್.ಡಿ. ಮುಗಿಸಿದ್ದ ಯುವತಿ, ಜಿಂಬಾರ್ಡೊ ಅವರನ್ನೇ ಮುಂದೆ ಮದುವೆಯಾದವರು. ತಲೆಗೆ ಚೀಲ ಹಾಕಿದ ಕೈದಿಗಳನ್ನು ಸಾಲಾಗಿ ಶೌಚಾಲಯಕ್ಕೆ ಕರೆದೊಯ್ಯುವುದನ್ನು ನೋಡಿ, ಹುಡುಗರಿಗೆ ನೀವು ಮಾಡುತ್ತಿರುವುದು ಭಯಂಕರ ಅಂತ ಅವರ ಮುಖಕ್ಕೇ ಹೇಳಿದರು. ಮಾರನೇ ದಿನವೇ ಪ್ರಯೋಗ ನಿಂತಿತು.

“ನಾವೂ ಅರ್ಧ ಕಾವಲುಗಾರರು, ಅರ್ಧ ಕೈದಿಗಳಾಗಿ ಆಡಿ ನೋಡೋಣ ಸರ್” ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಖಂಡಿತ ಬೇಡ. ಬದಲಿಗೆ ಒಂದು ಖಾಲಿ ಬಿಸ್ಕತ್ತು ಡಬ್ಬ ಇಡಿ. ಒಬ್ಬೊಬ್ಬನಿಗೂ ಒಂದು ಚೀಟಿ ಕೊಡಿ. ಈ ಹಾಸ್ಟೆಲಿನಲ್ಲಿ ಸಣ್ಣವರಿಗೆ ಆಗುವ ಒಂದು ಅನ್ಯಾಯ ಬರೆಯಲಿ, ಹೆಸರು ಬೇಡ. ಬೆಲ್ಲದ ಕಾಫಿ ಕೊಟ್ಟು ಕಳಿಸಿ, ಅವತ್ತೇ ಕೂತು ಓದಿ. ಕಳೆದ ಸಲ ಏಳು ಚೀಟಿಗಳಲ್ಲಿ ಒಂದೇ ವಿಷಯ ಇತ್ತು: ಹಂಡೆಯ ಬಿಸಿನೀರು ಮೊದಲು ಸೀನಿಯರ್‌ಗೆ, ಕೊನೆಯವರಿಗೆ ತಣ್ಣೀರು. ಕಕ್ಕಡ ತಿಂಗಳ ಚಳಿಯಲ್ಲಿ ಬೆಳಗ್ಗೆ ಆರಕ್ಕೆ ತಣ್ಣೀರು ಅಂದರೆ ಏನು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಈಗ ರೂಮ್ ನಂಬರ್ ಪ್ರಕಾರ ಸರದಿ, ವಾರಕ್ಕೊಮ್ಮೆ ತಿರುವು ಮುರುವು. ಸೀಟಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ರಾತ್ರಿ ಸುತ್ತು ನಾನೇ ಹಾಕುತ್ತೇನೆ.

ಕೊನೆಯ ಕೆಲಸ ಒಂದಿದೆ. ರ‍್ಯಾಗಿಂಗ್ ದೂರಿನ ಸಹಾಯವಾಣಿ 1800-180-5522, ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಟಾಯ್ಲೆಟ್ ಬಾಗಿಲುಗಳ ಒಳಬದಿಗೆ ಅಂಟಿಸಿ. ನೋಟಿಸ್ ಬೋರ್ಡ್ ಮುಂದೆ ಎಲ್ಲರ ಎದುರಿಗೆ ನಿಂತು ನಂಬರ್ ಬರೆದುಕೊಳ್ಳಲು ಹೊಸ ಹುಡುಗನಿಗೆ ಆಗುವುದಿಲ್ಲ.