ಬಳಚಿನ ಮೆಟಲೋಥಯೋನೀನ್: ಸಾಧಾರಣ ಸೆಂಟ್ರಿಫ್ಯೂಜ್‌ನಲ್ಲೇ ಅಳೆದ ನನ್ನ ಅನುಭವ

ಕಾರವಾರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲೇ ಬಳಚಿನ (ಅಳಿವೆಯ ಎರಡು ಚಿಪ್ಪಿನ ಜೀವಿ) ಜೀರ್ಣಗ್ರಂಥಿಯಿಂದ, ಲೋಹವನ್ನು ಹಿಡಿದಿಡುವ ಪ್ರೋಟೀನಾದ ಮೆಟಲೋಥಯೋನೀನನ್ನು ತೆಗೆದು ಅಳೆಯುತ್ತೇನೆ ಎಂದಾಗ, ಅತಿವೇಗದ ಶೀತಲ ಸೆಂಟ್ರಿಫ್ಯೂಜ್ (ನಳಿಕೆಗಳನ್ನು ತಿರುಗಿಸಿ ಗಟ್ಟಿ ಭಾಗವನ್ನು ತಳಕ್ಕಿಳಿಸುವ ಯಂತ್ರ) ಇಲ್ಲದೆ ಅದು ಆಗದ ಕೆಲಸವೆಂದು ಹಿರಿಯ ಸಹೋದ್ಯೋಗಿಯೊಬ್ಬರು ಕಡ್ಡಿ ಮುರಿದಂತೆ ಹೇಳಿದ್ದರು. ಮೂರು ವರ್ಷ ಹಿಡಿಯಿತು, ಆದರೆ ಆಯಿತು.

ಮೊದಲ ತಂಡದ ಬಳಚನ್ನು ಅಘನಾಶಿನಿ ಅಳಿವೆಯಿಂದ ತಂದದ್ದು ಜೂನ್ ಕೊನೆಯಲ್ಲಿ. ಮಳೆ ಹಿಡಿದ ಮೇಲೆ ಅಳಿವೆಯ ನೀರಿನ ಉಪ್ಪು ಇಳಿದು ಅವು ಆಗಲೇ ಬಳಲಿದ್ದವು. ಈ ಪ್ರೋಟೀನು ಹೆಚ್ಚಲೆಂದು ಸತುವಿನ ಸಲ್ಫೇಟ್ ಹಾಕಿದ ತೊಟ್ಟಿಯಲ್ಲಿ ಮೂರನೆಯ ದಿನಕ್ಕೆ ಮುಕ್ಕಾಲು ಪಾಲು ಬಾಯಿ ಬಿಟ್ಟುಕೊಂಡು ಸತ್ತಿದ್ದವು. ಅಂದಿನಿಂದ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ತರುತ್ತೇನೆ.

ಎರಡನೆಯ ಸೋಲು ಹೆಚ್ಚು ದುಬಾರಿಯಾಯಿತು. ಅಂಗಾಂಶವನ್ನು ಅರೆಯುವಾಗ ಪ್ರೋಟೀನಿನ ಥಯೋಲ್ (ಗಂಧಕ-ಜಲಜನಕ) ಗುಂಪುಗಳು ಉತ್ಕರ್ಷಣೆಗೊಳ್ಳದಿರಲೆಂದು ಸೇರಿಸಿದ್ದ, ತಾನೂ ಒಂದು ಥಯೋಲೇ ಆದ ಮರ್ಕ್ಯಾಪ್ಟೋಎಥನಾಲ್ ಪೂರ್ತಿ ತೊಳೆದುಹೋಗಿರಲಿಲ್ಲವಾದ್ದರಿಂದ, ಥಯೋಲ್ ಇದ್ದರೆ ಹಳದಿಯಾಗುವ ಎಲ್ಮನ್ ಕಾರಕ ಬಿದ್ದೊಡನೆ, ಅಂಗಾಂಶವಿಲ್ಲದ ಹೋಲಿಕೆಯ ನಳಿಕೆ (ಬ್ಲ್ಯಾಂಕ್) ಸಹಿತ ಎಲ್ಲ ನಳಿಕೆಗಳೂ ಅರಿಶಿನ ಕದಡಿದಂತೆ ಹಳದಿಯಾದವು. ಕಾರಕದ ಬಾಟಲಿ ಬಹುಪಾಲು ಹೀಗೆಯೇ ಖಾಲಿಯಾಯಿತು. ಒಟ್ಟು ಖರ್ಚು ಸುಮಾರು 22,000 ರೂಪಾಯಿ, ಅದರಲ್ಲಿ 9,000ದಷ್ಟು ನನ್ನ ಕೈಯಿಂದಲೇ ಹೋಯಿತು.

ಕೊನೆಗೆ ದಾರಿ ತೋರಿಸಿದ್ದು ಈ ಪ್ರೋಟೀನು ಬಿಸಿಯನ್ನು ತಾಳಿಕೊಳ್ಳುವ ಗುಣ. ಅರೆದ ದ್ರವವನ್ನು 80 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಉಳಿದ ಬಹುತೇಕ ಪ್ರೋಟೀನುಗಳು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತವೆ, ಅವನ್ನು ತಳಕ್ಕೆ ಇಳಿಸಲು ಮೇಜಿನ ಮೇಲಿನ ಸಾಧಾರಣ ಯಂತ್ರವೇ ಸಾಕು. ಆಮೇಲೆ ತಣ್ಣನೆಯ ಎಥನಾಲ್‌ನಲ್ಲಿ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಮೆಟಲೋಥಯೋನೀನನ್ನು ಕೆಳಗಿಳಿಸಬೇಕು; ಹಳದಿ ಬಣ್ಣ ಕೊಟ್ಟು ದಾರಿ ತಪ್ಪಿಸುವ, ಥಯೋಲ್ ಇರುವ ಸಣ್ಣ ಅಣುವಾದ ಗ್ಲುಟಾಥಯೋನ್ ಮೇಲಿನ ದ್ರವದಲ್ಲಿ ಹೊರಟುಹೋಗುತ್ತದೆ. ಎಥನಾಲ್‌ನ ಪ್ರಮಾಣವನ್ನೂ ತೊಳೆಯುವ ಕ್ರಮವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆಮ್ಲ ಮತ್ತು ಲೋಹವನ್ನು ಕಸಿದುಕೊಳ್ಳುವ ಇಡಿಟಿಎ ಹಾಕಿ ಲೋಹವನ್ನು ಬಿಡಿಸಿದ ನಂತರವೇ ಕಾರಕ ಸೇರಿಸಿ.

ಸಹೋದ್ಯೋಗಿ ಬಂದು, ಪ್ರೋಟೀನುಗಳು ಸಾಮಾನ್ಯವಾಗಿ ಬೆಳಕು ಹೀರುವ 280 ನ್ಯಾನೊಮೀಟರ್‌ನಲ್ಲಿ ನೋಡಿ, ಇಲ್ಲಿ ಪ್ರೋಟೀನೇ ಇಲ್ಲ ಎಂದರು. ನಾನು ಕಾಯುತ್ತಿದ್ದುದು ಅದನ್ನೇ. ಮೆಟಲೋಥಯೋನೀನ್‌ನಲ್ಲಿ ಥಯೋಲ್ ಇರುವ ಅಮೈನೊ ಆಮ್ಲವಾದ ಸಿಸ್ಟೀನ್ ತುಂಬಿರುತ್ತದೆ, ಆದರೆ 280ರ ಬೆಳಕನ್ನು ಹೀರುವ ಟ್ರಿಪ್ಟೊಫ್ಯಾನ್, ಟೈರೊಸಿನ್‌ಗಳು ಸಾಮಾನ್ಯವಾಗಿ ಇರುವುದಿಲ್ಲ. 280ರಲ್ಲಿ ಏನೂ ಕಾಣದೆ, ಎಲ್ಮನ್ ಕಾರಕದ ಬಣ್ಣವನ್ನು ಅಳೆಯುವ 412ರಲ್ಲಿ ಗಾಢ ಹಳದಿ ಬಂದುದೇ ಶುದ್ಧತೆಯ ಗುರುತಾಗಿತ್ತು. ಅವರು ಮತ್ತೆ ಮಾತಾಡಲಿಲ್ಲ.

ಒಂದು ವಾರ ಸತುವಿನಲ್ಲಿದ್ದ ಬಳಚಿನಲ್ಲಿ ಮೆಟಲೋಥಯೋನೀನ್ ಸುಮಾರು ಎರಡು ಪಟ್ಟಾಗಿತ್ತು. ಬಳಿಕ ಸತುವು ಕಂಡ ಮತ್ತು ಕಾಣದ ಎರಡೂ ಗುಂಪುಗಳನ್ನು ಎರಡು ದಿನ ತಾಮ್ರದ ನೀರಿನಲ್ಲಿಟ್ಟು, ಕೊಬ್ಬಿನ ಪೊರೆಗಳಿಗಾದ ಹಾನಿಯನ್ನು ಥಯೋಬಾರ್ಬಿಟ್ಯೂರಿಕ್ ಆಮ್ಲದ ಗುಲಾಬಿ ಬಣ್ಣದಲ್ಲಿ ಅಳೆದಾಗ, ಸತುವು ಕಂಡಿದ್ದ ಗುಂಪಿನಲ್ಲಿ ಬಣ್ಣ ಇನ್ನೊಂದರ ಮೂರನೆಯ ಎರಡು ಪಾಲಿನಷ್ಟೇ ಇತ್ತು. ಉತ್ಕರ್ಷಣದ ಹಾನಿಯನ್ನು ತಡೆಯುವ ಕಿಣ್ವವಾದ ಕ್ಯಾಟಲೇಸ್ ಎರಡರಲ್ಲೂ ಹೆಚ್ಚುಕಡಿಮೆ ಸಮವಾಗಿದ್ದುದರಿಂದ, ತಾಮ್ರವನ್ನು ಹಿಡಿದಿಟ್ಟು, ಪೊರೆಗಳನ್ನು ಕೆಡಿಸುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟದಂತೆ ತಡೆದ ಕೆಲಸ ಮೆಟಲೋಥಯೋನೀನ್‌ನದೇ ಎಂದು ನಾನು ನಂಬುತ್ತೇನೆ.

ಈ ನಡುವೆ ಶಿರಸಿಯಿಂದ ತಂದ ಮುರುಗಲು ಸಿಪ್ಪೆಯ ರಸವನ್ನೂ ಅರೆದ ಅಂಗಾಂಶಕ್ಕೆ ಸೇರಿಸಿ ನೋಡಿದೆ. ಅದೊಂದು ಉತ್ಕರ್ಷಣ ನಿರೋಧಕವಾಗಿ ಹಾನಿಯನ್ನು ತಗ್ಗಿಸೀತೆಂದು ಎಣಿಸಿದ್ದರೆ, ಅಳತೆ ಏರಿಯೇ ಬಂತು. ಸಿಪ್ಪೆಯ ಕೆಂಪು ವರ್ಣಕವಾದ ಆಂಥೋಸಯನಿನ್, ಆ ಗುಲಾಬಿ ಬಣ್ಣವನ್ನು ಅಳೆಯುವ 532 ನ್ಯಾನೊಮೀಟರಿನ ಸುತ್ತಲಿನ ಬೆಳಕನ್ನೇ ಹೀರುವುದು ಹೊಳೆದದ್ದು ಆಮೇಲೆ. ಥಯೋಬಾರ್ಬಿಟ್ಯೂರಿಕ್ ಆಮ್ಲವಿಲ್ಲದ, ರಸ ಮಾತ್ರವಿದ್ದ ನಳಿಕೆಯೊಂದನ್ನು ಪಕ್ಕದಲ್ಲಿಟ್ಟು ಅದರ ಅಳತೆಯನ್ನು ಕಳೆದಾಗ ಏರಿಕೆ ಮಾಯವಾಯಿತು, ಇಳಿಕೆಯೂ ಒಂದಿಷ್ಟು ಕಂಡಿತು. ಮುಂದಿನ ಜನವರಿಯಲ್ಲಿ ಅದನ್ನು ಬಣ್ಣ ತೆಗೆದ ರಸದಿಂದ ಮತ್ತೆ ಮಾಡಲಿದ್ದೇನೆ.