ಮೊದಲ ಮೂಟೆ, ಆದಿತ್ಯವಾರ, ಕೊಳೆರೋಗ: ನನ್ನ ಅನುಭವ

"ಜುಲೈ ಬರಲಿ, ಆಗ ನೋಡುವ ನಿಮ್ಮ ವಿಧೇಯತೆ" ಎಂದು ನಕ್ಕವರು ನಮ್ಮ ಕಾಸರಗೋಡು ಕಡೆ ಬೇಳದಿಂದ ಪೆರ್ಲದವರೆಗೆ ಇದ್ದಾರೆ. ಬೆಳೆಯ ಹತ್ತನೇ ಒಂದು ದೇವರಿಗೆ, ಆದಿತ್ಯವಾರ ತೋಟಕ್ಕೆ ರಜೆ, ಇದು ನನ್ನ ಕ್ರಮ. ಐದು ಜುಲೈ ದಾಟಿತು, ಕ್ರಮ ಮುರಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. "ನಿಮ್ಮ ಚಿತ್ತ ನೆರವೇರಲಿ" ಎಂದು ದಿನಾ ಪ್ರಾರ್ಥನೆಯಲ್ಲಿ ಹೇಳುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟ ಇರುವವನಿಗೆ ಆ ಮಾತು ಸಿಕ್ಕಿಬೀಳುವುದು ಎರಡೇ ಕಡೆ, ಲೆಕ್ಕದ ಪುಸ್ತಕದಲ್ಲಿ ಮತ್ತು ಕ್ಯಾಲೆಂಡರಿನಲ್ಲಿ.

ಮೊದಲು ದುಡ್ಡು. ಹತ್ತರಲ್ಲಿ ಒಂದು ಕೊಡಲೇಬೇಕೆಂಬ ಕಟ್ಟಳೆ ಕಥೋಲಿಕರಿಗೆ ಇಲ್ಲ, ಧರ್ಮಸಭೆ ಕೇಳುವುದು ಶಕ್ತಿಗೆ ತಕ್ಕಷ್ಟು. ಹಾಗೆಂದು ಬಿಟ್ಟರೆ ನಮ್ಮ ಶಕ್ತಿ ವರ್ಷ ವರ್ಷ ಕಮ್ಮಿಯಾಗುತ್ತಲೇ ಹೋಗುತ್ತದೆ. ಆದ್ದರಿಂದ ಹತ್ತನೇ ಪಾಲು ತೆಗೆದಿಡು ಎನ್ನುವ ಬೈಬಲಿನ ಧರ್ಮೋಪದೇಶಕಾಂಡ 14ನೇ ಅಧ್ಯಾಯ ಹಿಡಿದೆ. ಒಂದೂವರೆ ಎಕ್ರೆ, 800ರ ಹತ್ತಿರ ಮರ, ಒಳ್ಳೆಯ ವರ್ಷವಾದರೆ 12 ಕ್ವಿಂಟಾಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ). ಕಿಲೋಗೆ 380 ಹಿಡಿದರೆ ನಾಲ್ಕೂವರೆ ಲಕ್ಷ ಚಿಲ್ಲರೆ. ಒಟ್ಟು ಮಾರಾಟದ ಮೇಲೆ ತೆಗೆದಾಗ 45 ಸಾವಿರ ಹೋಯಿತು, ಸಾಲದ ಕಂತು ತಪ್ಪಿತು, ಬಡ್ಡಿ ಬೆಳೆಯಿತು. ಖರ್ಚು ಕಳೆದು ತೆಗೆಯುವ ಎಂದರೆ ಖರ್ಚಿನ ಪಟ್ಟಿಗೆ ಸ್ಕೂಟರಿನ ಟಯರೂ ಬಂದು ಕೂತಿತು. ಈಗ ಕಳೆಯುವುದು ಅಡಿಕೆ ತೆಗೆಯುವ, ಸುಲಿಯುವ, ಮದ್ದು ಬಿಡುವ ಕೂಲಿ, ಗೊಬ್ಬರ, ಮದ್ದು, ಇಷ್ಟೇ. ಅದು 1.8 ಲಕ್ಷದ ಆಸುಪಾಸು. ಉಳಿದದ್ದರಲ್ಲಿ ಹತ್ತನೇ ಒಂದು ಎಂದರೆ 27 ಸಾವಿರ.

ಅದನ್ನು ನಗದಾಗಿ ತೆಗೆದಿಡುವುದು ಆಗುವ ಮಾತಲ್ಲ. ಮಕ್ಕಳ ಫೀಸು ಬಂದಾಗ ಕೈ ಮೊದಲು ಹೋಗುವುದೇ ಆ ಕವರಿಗೆ. ಮೂಟೆಯಾಗಿ ತೆಗೆಯಬೇಕು. 65 ಕಿಲೋದ 18 ಮೂಟೆ ಆಗುತ್ತದೆ, ಹತ್ತನೆಯದು ದೇವರಿಗೆ ಎಂದು ಗುರುತು ಹಾಕಿದೆ. ಎರಡು ವರ್ಷ ನೋಡಿದೆ. ಪಟೋರ, ಕರಿಗೋಟು ಎಂಬ ಕಳಪೆ ಅಡಿಕೆ ಎಲ್ಲ ಹೇಗೋ ಏನೋ ಆ ಮೂಟೆಗೇ ಬಂದು ಬೀಳುತ್ತಿತ್ತು! ಬೇಕೆಂದೇ ಹಾಕಿದ್ದಲ್ಲ, ಆದರೆ ಗಾರ್ಬಲ್ ಮಾಡುವ, ಅಂದರೆ ಅಡಿಕೆಯನ್ನು ದರ್ಜೆವಾರು ಆರಿಸುವ ಕೈಗೆ ಯಾವ ಗೋಣಿ ಯಾರದೆಂದು ಗೊತ್ತಿರುತ್ತದೆ. ಕುರುಡು, ಕುಂಟು ಪಶುಗಳನ್ನು ದೇವರಿಗೆ ಕೊಟ್ಟವರಿಗೆ ಮಲಾಕಿಯ ಮೊದಲ ಅಧ್ಯಾಯದಲ್ಲಿರುವ ಬೈಗುಳ ನನಗೇ ಬರೆದಂತಿತ್ತು. ಈಗ ಮೊದಲ ಮೂಟೆ, ಅದೂ ಗಾರ್ಬಲ್ ಮಾಡುವ ಮೊದಲೇ ತುಂಬಿ ಬಾಯಿ ಹೊಲಿದು ಕೆಂಪು ನೂಲು ಕಟ್ಟುವುದು. ವರ್ಷದ ಮೊದಲ ಮಾರಾಟದ ದಿನವೇ, ಆ ದಿನದ ರೇಟಿಗೇ ಅದು ಹೋಗಬೇಕು. ಹಳೆ ಅಡಿಕೆ ಆದ ಮೇಲೆ ಮಾರಿದರೆ ದೇವರಿಗೂ ಲಾಭ ಎಂದು ಒಮ್ಮೆ ಇಟ್ಟು ನೋಡಿದೆ, ಹುಳ ಕೊರೆಯಿತು. ಮೂಟೆಯಿಂದ 24 ಸಾವಿರ ಚಿಲ್ಲರೆ ಬರುತ್ತದೆ. ಬಾಕಿ ಎರಡು ಮೂರು ಸಾವಿರ ಮೇ ತಿಂಗಳಲ್ಲಿ ಲೆಕ್ಕ ಮುಗಿಸುವಾಗ ಸೇರಿಸುತ್ತೇನೆ. ಎರಡು ವರ್ಷ ಇಗರ್ಜಿಗೆ (ಚರ್ಚಿಗೆ), ಮೂರನೆಯ ವರ್ಷದ್ದು ಅದೇ 14ನೇ ಅಧ್ಯಾಯ ಹೇಳಿದಂತೆ ಪರದೇಶಿ, ಅನಾಥ, ವಿಧವೆಗೆ. ಎಣ್ಮಕಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವ ಮನೆಗಳಿರುವಾಗ ವಿಳಾಸ ಹುಡುಕಬೇಕಾಗಿಲ್ಲ.

ಮೂಟೆಗಿಂತ ಮೊದಲು ಕೂಲಿ. ಕೂಲಿಯವನ ಸಂಬಳ ರಾತ್ರಿಯಿಡೀ ನಿನ್ನ ಹತ್ತಿರ ಇರಬಾರದು ಎಂದು ಯಾಜಕಕಾಂಡ 19ರಲ್ಲಿ ಇದೆ. ಅದನ್ನು ಬಾಕಿ ಇಟ್ಟು ಕೆಂಪು ನೂಲು ಕಟ್ಟಿದರೆ ಮತ್ತಾಯ 23ರಲ್ಲಿ ಪುದೀನ, ಜೀರಿಗೆಯಲ್ಲೂ ಹತ್ತನೇ ಪಾಲು ಕೊಟ್ಟು ನ್ಯಾಯ ಬಿಟ್ಟವರ ಲೆಕ್ಕವಾಯಿತು.

ಇನ್ನು ಆದಿತ್ಯವಾರ. ಎಲ್ಲರೂ ಸೋಲುವುದು ಇಲ್ಲಿ. ಮಳೆಗಾಲದಲ್ಲಿ ಅಡಿಕೆ ಗೊನೆ ಕೊಳೆಸುವ ಕೊಳೆರೋಗಕ್ಕೆ ಜುಲೈ ಮಧ್ಯದಲ್ಲಿ ಎರಡನೇ ಮದ್ದು ಬಾಕಿ, ವಾರವಿಡೀ ಮಳೆ ಹೊಯ್ದು ಆದಿತ್ಯವಾರವೇ ಹೊಳವಾಗುತ್ತದೆ. ಬೆಳಿಗ್ಗೆ ಏಳಕ್ಕೆ ಬಿಸಿಲು ನೋಡುತ್ತಾ ತೀರ್ಮಾನಿಸಲು ಹೋದರೆ ಯಾವ ಭಕ್ತನೂ ಪಂಪು ಚಾಲೂ ಮಾಡುತ್ತಾನೆ. ಆದ್ದರಿಂದ ಲೂಕ 14ರ ಬಾವಿಗೆ ಬಿದ್ದ ಎತ್ತು, ಅಂದರೆ ವಿಶ್ರಾಂತಿಯ ದಿನವೂ ಬಿಡಲಾಗದ ಕೆಲಸ, ಯಾವುದು ಎಂದು ಮೇ ತಿಂಗಳಲ್ಲೇ ಬರೆದಿಡಬೇಕು. ನನ್ನ ಪಟ್ಟಿಯಲ್ಲಿ ಮೂರೇ ಇದೆ: ದನದ ಹಟ್ಟಿಯ ಕೆಲಸ, ಅಂಗಳದ ಅಡಿಕೆಗೆ ಟಾರ್ಪಾಲು ಎಳೆಯುವುದು, ಕೊಳೆ ಹಿಡಿದ ಗೊನೆ ಕಂಡರೆ ಆ ಮರಕ್ಕೆ ಮತ್ತು ಸುತ್ತಲಿನ ಮರಗಳಿಗೆ ಮಾತ್ರ ಮದ್ದು. ಪಟ್ಟಿಯ ಒಂದು ಪ್ರತಿ ನಮ್ಮ ವಾಡೊದ (ಚರ್ಚಿನ ವಾರ್ಡಿನ) ಮುಖಂಡರಾದ ಗುರ್ಕಾರರ ಹತ್ತಿರ ಇದೆ. ನಮ್ಮ ಹತ್ತಿರ ಮಾತ್ರ ಇದ್ದರೆ ತಿದ್ದುಪಡಿ ಆಗುತ್ತದೆ.

ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮದ್ದು, ಕಲಸಿದ ದಿನವೇ ಮುಗಿಯಬೇಕು, ಗೊತ್ತಿದ್ದದ್ದೇ. ಶನಿವಾರ ಕಲಸಿ ಬೆಲ್ಲ ಹಾಕಿಟ್ಟು ಸೋಮವಾರ ಬಿಡುವ ಪ್ರಯೋಗವೂ ಆಯಿತು. ಅಡಿಯಲ್ಲಿ ನೀಲಿ ಮೊಸರು ಕೂತು ನಾಜಲ್ ಕಟ್ಟಿತು, ಎರಡು ಡ್ರಮ್ ಚೆಲ್ಲಿದೆ. ಉಪಾಯ ಇಷ್ಟೇ: ಶನಿವಾರ ಸಂಜೆ 50 ಲೀಟರಿನಲ್ಲಿ ಒಂದು ಕಿಲೋ ಮೈಲುತುತ್ತು, ಇನ್ನೊಂದು 50 ಲೀಟರಿನಲ್ಲಿ ಒಂದು ಕಿಲೋ ಸುಣ್ಣ, ಎರಡೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿಡಿ. ಬೆರೆಸದಿದ್ದರೆ ಕೆಡುವುದಿಲ್ಲ. ಸೋಮವಾರ ಬೆಳಕು ಹರಿಯುವಾಗ ಒಟ್ಟು ಸೇರಿಸಿ ಕಬ್ಬಿಣದ ಚೂರಿ ಅದ್ದಿ ನೋಡಿ. ಅಲಗಿನಲ್ಲಿ ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಎಂಟಕ್ಕೆಲ್ಲ ಮೊದಲ ಸಾಲು ಮುಗಿದಿರುತ್ತದೆ. ಸೋಮವಾರ ಅಷ್ಟು ಬೇಗ ಮದ್ದು ಬಿಡುವವರನ್ನು ಹೇಗೆ ಹಿಡಿಯುವುದೆಂದು ಮಾತ್ರ ಕೇಳಬೇಡಿ, ಇಡೀ ಊರಿಗೆ ಗೊತ್ತಾದರೆ ನನಗೆ ಜನ ಸಿಗುವುದಿಲ್ಲ. ಕೊಳೆಯಲ್ಲಿ ಹೋದದ್ದು ಆದಿತ್ಯವಾರ ಬಿಡುವ ನೆರೆಯವರಿಗಿಂತ ಹೆಚ್ಚೇನೂ ಇಲ್ಲ, ಒಂದು ವರ್ಷ ಕಮ್ಮಿಯೇ.

ಆಳುಗಳಿಗೂ ವಿಶ್ರಾಂತಿ ಎಂಬ ಆಜ್ಞೆ ಅಷ್ಟು ಸಲೀಸಾಗಿ ನಡೆಯಲಿಲ್ಲ. ದಿನಗೂಲಿಯವರು ನಮ್ಮಲ್ಲಿ ರಜೆ ಎಂದರೆ ಪಕ್ಕದ ತೋಟಕ್ಕೆ ಹೋಗುತ್ತಾರೆ. ವಾರದ ಆರು ದಿನಕ್ಕೆ ತಲಾ 50 ರೂಪಾಯಿ ಏರಿಸಿದ ಮೇಲೆ ಕೆಲವರು ನಿಂತರು. ಮುಸ್ಲಿಮರಾದವರು ಅದರ ಬದಲು ಶುಕ್ರವಾರ ಮಧ್ಯಾಹ್ನ ಬೇಕೆಂದರು, ಕೊಟ್ಟೆ.

ದೇವರೇ ಹೇಳಿದರು ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಪಟ್ಟಿಗೆ ಸೇರಿಸಬೇಡಿ. ಶುಭಸಂದೇಶಕ್ಕೆ, ಧರ್ಮಸಭೆಯ ಬೋಧನೆಗೆ ಹೊಂದುತ್ತದೆಯೇ ನೋಡಿ, ಪಾಪನಿವೇದನೆ ಕೇಳುವ ಫಾದರ್ ಹತ್ತಿರ ಮಾತಾಡಿ. ಗುಟ್ಟಾಗಿ ಮಾಡು, ಇವತ್ತೇ ದುಡ್ಡು ಕೊಡು ಎನ್ನುವ ಸ್ವರ ಬೇರೆಯವರ ಬಾಯಿಂದ ಬಂದರೂ ನಮ್ಮೊಳಗಿಂದ ಬಂದರೂ ಪಕ್ಕಕ್ಕಿಡಿ. ಮನಸ್ಸು ಕುಗ್ಗಿರುವಾಗ ಹಿಂದಿನ ನಿರ್ಧಾರ ಬದಲಿಸಬಾರದು ಎಂಬುದು ಲೊಯೋಲಾದ ಸಂತ ಇಗ್ನಾಸಿಯವರ ನಿಯಮ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ.

ಸರಿಯಾಗದ್ದು ಒಂದು ಉಳಿದಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಜನ್ಮದಿನ, ನಮ್ಮ ತೆನೆ ಹಬ್ಬ) ಹೊಸ ತೆನೆ ಬೇಕು, ಗದ್ದೆಗಳೆಲ್ಲ ಅಡಿಕೆ ತೋಟವಾಗಿವೆ. ಬೆಳೆಯ ಮೊದಲ ಫಲವನ್ನು ಹೊರಗಿನಿಂದ ತರಿಸಿ ದೇವರಿಗೆ ಒಪ್ಪಿಸುವುದು ಎಂಥ ಕಥೆ? ಕೊಟ್ಟಿಗೆಯ ಹಿಂದೆ ಒಂದು ಸೆಂಟ್ಸ್ ಜಾಗದಲ್ಲಿ ಜ್ಯೋತಿ ಭತ್ತ ಬಿತ್ತಿದೆ. ಜೂನ್ 20ಕ್ಕೆ ಬಿತ್ತಿದ್ದು ಹಬ್ಬಕ್ಕೆ ಹಾಲೂ ಕಟ್ಟಿರಲಿಲ್ಲ. ಮರುವರ್ಷ ಮೇ 25ಕ್ಕೆ ಬಿತ್ತಿದೆ, ತೆನೆ ಬಂಗಾರದ ಬಣ್ಣಕ್ಕೆ ತಿರುಗಿತು, ಹಬ್ಬಕ್ಕೆ ನಾಲ್ಕು ದಿನ ಇರುವಾಗ ನವಿಲುಗಳು ಬಂದವು. ಈ ಸಲ ಬಲೆ ಹಾಕಿದ್ದೇನೆ.